ಮೂರನೇ ತರಗತಿಯ 36 ಮಕ್ಕಳಿಗೆ ಹೆಣಿಗೆ: ಯಾವ ಕಡ್ಡಿ, ಎಷ್ಟು ಉಲ್ಲನ್, ಮೊದಲ ಸಾಲು ಹೇಗೆ?

ಮೂರನೇ_ಕ್ಲಾಸ್_ಮಿಸ್

ಎಲ್ಲರಿಗೂ ನಮಸ್ಕಾರ. ಮೂರನೇ ತರಗತಿ, 36 ಮಕ್ಕಳು, ವಾರಕ್ಕೆ ಎರಡು ಪೀರಿಯಡ್, ಒಂದೊಂದೂ 40 ನಿಮಿಷ. ಜೂನ್‌ನಿಂದ ದಸರಾ ರಜೆಯವರೆಗೆ ಹೆಣಿಗೆ ಕಲಿಸಬೇಕು. ಹೆಣೆಯಲು ಬರುತ್ತದೆ, ಕಲಿಸಿ ರೂಢಿಯಿಲ್ಲ. ಕೇಳಬೇಕಾದದ್ದು ಮೂರು: ಅಂಗಡಿಯಲ್ಲಿ ಯಾವ ನಂಬರ್ ಕಡ್ಡಿ ಕೇಳಲಿ? ಉಲ್ಲನ್ ಎಷ್ಟು ಬೇಕು? ಮೊದಲ ದಿನವೇ ಕಡ್ಡಿ ಕೊಡುವುದೋ, ಬೆರಳಿನಲ್ಲಿ ಹೆಣೆಸಿ ಆಮೇಲೆ ಕೊಡುವುದೋ?

ಉಲ್ಲನ್_ಉಂಡೆ

ಮೊದಲು ನಂಬರಿನ ಗೊಂದಲ ಬಗೆಹರಿಸಿಕೊಳ್ಳಿ. ನಮ್ಮ ಅಂಗಡಿಗಳಲ್ಲಿ ಇನ್ನೂ ಓಡುತ್ತಿರುವುದು ಹಳೆಯ ಬ್ರಿಟಿಷ್ ಲೆಕ್ಕ. ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. 12 ಅಂದರೆ 2.75 ಮಿ.ಮೀ., 10 ಅಂದರೆ 3.25, 8 ಅಂದರೆ 4, 6 ಅಂದರೆ 5, 5 ಅಂದರೆ 5.5 ಮಿ.ಮೀ. "ಮಕ್ಕಳಿಗೆ, ದಪ್ಪದ್ದು ಕೊಡಿ" ಎಂದು 12 ಕೇಳಿದರೆ ಕಾಲುಚೀಲ ಹೆಣೆಯುವ ಕಡ್ಡಿ ಬರುತ್ತದೆ. ನಂಬರ್ ಬಿಟ್ಟು ಪ್ಯಾಕೆಟ್ ಮೇಲಿನ ಮಿ.ಮೀ. ನೋಡಿ, 5.5 ತನ್ನಿ. 4ಕ್ಕಿಂತ ಸಣ್ಣದಾದರೆ ಕುಣಿಕೆ ಕಾಣುವುದಿಲ್ಲ, 7 ದಾಟಿದರೆ ಎಂಟು ವರ್ಷದ ಬೆರಳಿಗೆ ಹಿಡಿತ ಸಿಗುವುದಿಲ್ಲ.

ಉದ್ದ 20ರಿಂದ 25 ಸೆಂ.ಮೀ. ಸಾಕು. ದೊಡ್ಡವರ 35 ಸೆಂ.ಮೀ. ಕಡ್ಡಿಯನ್ನು ಒಂದು ಬೆಂಚಿನಲ್ಲಿ ಮೂವರು ಹಿಡಿದು ಕೂತರೆ ಹೆಣಿಗೆಗಿಂತ ಕತ್ತಿವರಸೆಯೇ ಹೆಚ್ಚು. ಸ್ಟೀಲ್, ಅಲ್ಯೂಮಿನಿಯಂ ಬೇಡ. ಕುಣಿಕೆಗಳು ಸಾಲಾಗಿ ಜಾರಿ ಬೀಳುತ್ತವೆ, ಕಡ್ಡಿ ಕೆಳಗೆ ಬಿದ್ದಾಗಲೆಲ್ಲ ಠಣ್ ಎನ್ನುತ್ತದೆ. 36 ಮಕ್ಕಳು, 72 ಕಡ್ಡಿ, ಆ ಸದ್ದನ್ನು ಲೆಕ್ಕ ಹಾಕಿಕೊಳ್ಳಿ. ಬಿದಿರು ಅಥವಾ ಮರದ್ದೇ ಒಳ್ಳೆಯದು.

ದಾರ: ತಿಳಿ ಬಣ್ಣ, ನುಣುಪು, ಒಂದೇ ದಪ್ಪ. ಕಪ್ಪು, ಕಡುನೀಲಿ ಬೇಡ. ಕುಣಿಕೆ ಕಾಣದೆ ನಿಮಗೇ ತಪ್ಪು ತಿದ್ದಲಾಗುವುದಿಲ್ಲ. ಜುಂಗು ಜುಂಗಾದ ಫ್ಯಾನ್ಸಿ ದಾರವೂ ಬೇಡ, ಬಿಚ್ಚಲು ಬರುವುದಿಲ್ಲ. ದಪ್ಪ ತಿಳಿಯಲು ಸ್ಕೇಲಿಗೆ ಒತ್ತೊತ್ತಾಗಿ ಸುತ್ತಿ, ಎಳೆಯಬೇಡಿ. 2.5 ಸೆಂ.ಮೀ.ಗೆ 8 ಅಥವಾ 9 ಸುತ್ತು ಬಂದರೆ 5.5ರ ಕಡ್ಡಿಗೆ ಸರಿ. ಸಣ್ಣ ದಾರ ಅಗ್ಗಕ್ಕೆ ಸಿಕ್ಕಿತೆಂದು ಎರಡೆಳೆ ಜೋಡಿಸಿ ಕೊಡಬೇಡಿ. ಮಗು ಒಂದೆಳೆ ಎತ್ತಿ ಇನ್ನೊಂದನ್ನು ಬಿಡುತ್ತದೆ, ನಾಲ್ಕು ಸಾಲಿಗೆ 16 ಇದ್ದದ್ದು 25 ಆಗಿರುತ್ತದೆ.

ಲೆಕ್ಕದ_ಮೇಷ್ಟ್ರು

ಉಲ್ಲನ್ ಎಷ್ಟು ಎಂಬುದಕ್ಕೆ ಅಂದಾಜು ಬೇಡ, ಅಳೆಯಿರಿ. ನೀವೇ 16 ಕುಣಿಕೆ ಹಾಕಿ ಹತ್ತು ಸಾಲು ಹೆಣೆಯಿರಿ. ಸ್ವಲ್ಪ ಸಡಿಲವಾಗಿಯೇ ಇರಲಿ, ಮಕ್ಕಳ ಕೈ ಹಾಗೆಯೇ. ಕೊನೆಯ ಸಾಲನ್ನು ಬಿಚ್ಚಿ ದಾರ ಅಳೆದರೆ 35ರಿಂದ 40 ಸೆಂ.ಮೀ. ಬರುತ್ತದೆ. ಈಗ ವಸ್ತುವಿನ ಲೆಕ್ಕ.

ಬರೀ ಸೀದಾ ಹೊಲಿಗೆ, ಅಂದರೆ ಹಿಂದೆ ಮುಂದೆ ಎರಡೂ ಕಡೆ ನಿಟ್ ಮಾತ್ರ, ಹೆಣೆದಾಗ ಎರಡು ಸಾಲಿಗೆ ಒಂದು ಏಣು ಎದ್ದು ಕಾಣುತ್ತದೆ. ಈ ಹೆಣಿಗೆಯ ದೊಡ್ಡ ಅನುಕೂಲವೆಂದರೆ ಕುಣಿಕೆ ಎಷ್ಟೋ ಅಷ್ಟೇ ಏಣು ಬಂದಾಗ ಬಟ್ಟೆ ಹೆಚ್ಚುಕಡಿಮೆ ಚೌಕವಾಗುತ್ತದೆ. 16 ಕುಣಿಕೆ, 16 ಏಣು, 32 ಸಾಲು: ಸುಮಾರು 10 ಸೆಂ.ಮೀ. ಚೌಕ. ಅದನ್ನೇ ಮುಂದುವರಿಸಿ 32 ಏಣು ಮಾಡಿದರೆ 10ಕ್ಕೆ 20ರ ಆಯತ. ಆಯತದಿಂದ ಚೆಂಡಾಗುತ್ತದೆ. ಎರಡು ಗಿಡ್ಡ ಅಂಚುಗಳನ್ನು ಸೇರಿಸಿ ಹೊಲಿದರೆ ಕೊಳವೆ. ಕೊಳವೆಯ ಎರಡೂ ಬಾಯಿಗೆ ದಾರ ಪೋಣಿಸಿ ಎಳೆದರೆ ಸುಮಾರು 6.5 ಸೆಂ.ಮೀ. ವ್ಯಾಸದ ಚೆಂಡು. ಉದ್ದ ಅಗಲದ ಎರಡರಷ್ಟೇ ಏಕೆಂದರೆ, ಚೆಂಡಿನ ಸುತ್ತಳತೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ಅರ್ಧಸುತ್ತಿನ ಎರಡರಷ್ಟು.

64 ಸಾಲು × 40 ಸೆಂ.ಮೀ. ಅಂದರೆ 25.6 ಮೀಟರ್. ಶುರುವಿನ ಕುಣಿಕೆ, ಮುಗಿಸುವ ಸಾಲು, ಹೊಲಿಯಲು ಬಿಡುವ ಬಾಲ ಸೇರಿ 28 ಮೀಟರ್. ಈ ದಪ್ಪದ ಅಕ್ರಿಲಿಕ್ 100 ಗ್ರಾಂಗೆ 180 ಮೀಟರ್ ಆಸುಪಾಸು ಬರುತ್ತದೆ, ಲೇಬಲ್ ನೋಡಿ ಖಚಿತ ಮಾಡಿಕೊಳ್ಳಿ. ಮಗುವಿಗೆ 15.5 ಗ್ರಾಂ ಆಯಿತು. ಬಿಚ್ಚಿ ಬಿಚ್ಚಿ ಹಾಳಾಗುವುದೂ ಸೇರಿ 20 ಗ್ರಾಂ ಇಡಿ. 36 ಮಕ್ಕಳಿಗೆ 720, ನಿಮ್ಮ ಮಾದರಿಗಳಿಗೂ ಸೇರಿ 800 ಗ್ರಾಂ ತನ್ನಿ. 20 ಗ್ರಾಂ ಉಂಡೆಗಳಾಗಿ ಮೊದಲೇ ಸುತ್ತಿಟ್ಟುಕೊಳ್ಳಿ, ತರಗತಿಯಲ್ಲಿ ಸುತ್ತಲು ಕೂತರೆ ಒಂದು ಪೀರಿಯಡ್ ಹೋಯಿತು.

ಮಲೆನಾಡ_ಕಡ್ಡಿ

ಬೆರಳೋ ಕಡ್ಡಿಯೋ ಎಂಬುದಕ್ಕೆ: ಬೆರಳೇ ಮೊದಲು. ನಾಲ್ಕು ಪೀರಿಯಡ್ ಸಾಕು. ದಾರದ ಬಾಲವನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಅಂಗೈ ನಮ್ಮ ಕಡೆ ಮಾಡಿ, ತೋರುಬೆರಳ ಮುಂದೆ, ನಡುಬೆರಳ ಹಿಂದೆ, ಉಂಗುರಬೆರಳ ಮುಂದೆ, ಕಿರುಬೆರಳ ಸುತ್ತ ತಂದು ಅದೇ ರೀತಿ ವಾಪಸ್. ಆಮೇಲೆ ದಾರವನ್ನು ನಾಲ್ಕೂ ಬೆರಳ ಮೇಲೆ ಅಡ್ಡ ಹಾಯಿಸಿ, ಕೆಳಗಿನ ಕುಣಿಕೆಯನ್ನು ಎತ್ತಿ ಬೆರಳ ತುದಿಯಿಂದ ಹಿಂದಕ್ಕೆ ದಾಟಿಸುವುದು. ಹಗ್ಗ ಅಂಗೈ ಹಿಂದೆ ಇಳಿಯುತ್ತದೆ. ಕುಣಿಕೆಯೊಳಗಿಂದ ಕುಣಿಕೆ ಹೊರಬರುವುದೇ ಹೆಣಿಗೆ ಎಂಬುದು ಮಗುವಿನ ಕೈಗೆ ಗೊತ್ತಾಗುವುದು ಇಲ್ಲಿ. ಬಿಗಿ ಎಳೆದರೆ ಬೆರಳ ತುದಿ ಕೆಂಪಾಗುತ್ತದೆ, ನೋಡುತ್ತಿರಿ. ಬೆಲ್ ಹೊಡೆದಾಗ ನಾಲ್ಕು ಕುಣಿಕೆಯನ್ನೂ ಪೆನ್ಸಿಲ್‌ಗೆ ದಾಟಿಸಿ ಇಡಿಸಿ. ಆರು ವರ್ಷದವರಾದರೆ ಒಂದೇ ಬೆರಳಿನ ಸರಪಳಿ ಸಾಕು.

ಇನ್ನು ಕಡ್ಡಿಯನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಮೇದಾರರ ಬಳಿ ಬಲಿತ, ಒಣಗಿದ ಬಿದಿರಿನಲ್ಲಿ 6 ಮಿ.ಮೀ. ದಪ್ಪ, 22 ಸೆಂ.ಮೀ. ಉದ್ದದ ದುಂಡು ಕಡ್ಡಿ ಸೀಳಿಸಿ ಕೇಳಿ. ಹಸಿ ಬಿದಿರು ಬೇಡ, ಒಣಗುತ್ತಾ ಸೊಟ್ಟಗಾಗಿ ಸಿಬಿರೇಳುತ್ತದೆ. ಪೆನ್ಸಿಲ್ ಕೆತ್ತುವ ಶಾರ್ಪ್‌ನರ್‌ನಲ್ಲಿ ಒಂದು ತುದಿ ಕೆತ್ತಿ, ತಕ್ಷಣ ಮೊನೆ ಮೊಂಡು ಮಾಡಿ. ಅಂಗೈಗೆ ಒತ್ತಿದರೆ ನೋಯಬಾರದು. ಚೂಪಾಗಿದ್ದರೆ ದಾರವನ್ನೇ ಸೀಳುತ್ತದೆ. ಉಪ್ಪುಕಾಗದ 120, ಆಮೇಲೆ 220, ಕೊನೆಗೆ 320. ಎಳೆಯ ಉದ್ದಕ್ಕೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ಹಳೆಯ ನೈಲಾನ್ ಬಟ್ಟೆಯ ಮೇಲೆ ಎಳೆದು ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಆ ಜಾಗ ಮತ್ತೆ ಉಜ್ಜಿಸಿ. ಮೇಣದಬತ್ತಿ ತೀಡಿ ಬಟ್ಟೆಯಿಂದ ಉಜ್ಜಿದರೆ ನುಣುಪಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ರಾತ್ರಿಯಿಡೀ ಬಿಟ್ಟು ಚೆನ್ನಾಗಿ ಒರೆಸಬೇಕು, ಇಲ್ಲವಾದರೆ ದಾರ ಜಿಡ್ಡಾಗುತ್ತದೆ. ಹಿಂದಿನ ತುದಿಗೆ ಮರದ ಮಣಿ, ಫೆವಿಕಾಲ್. ಮಣಿ ಇಲ್ಲದಿದ್ದರೆ ರಬ್ಬರ್ ಬ್ಯಾಂಡ್ ಏಳೆಂಟು ಸುತ್ತು.

ಎರಡು ಪೀರಿಯಡ್ ಹಿಡಿಯುತ್ತದೆ. ತಾನೇ ಉಜ್ಜಿದ ಕಡ್ಡಿಯಿಂದ ಯಾವ ಮಗುವೂ ಪಕ್ಕದವನನ್ನು ಚುಚ್ಚುವುದಿಲ್ಲ ಎಂದು ಹೇಳಲಾರೆ, ಕಳೆದುಕೊಳ್ಳುವುದಂತೂ ಕಡಿಮೆ.

ಹತ್ತಿ_ಪರ

ಊರೂರಲ್ಲಿ ಹತ್ತಿ ಬೆಳೆಯುವ ಕಡೆ ಅಕ್ರಿಲಿಕ್ ಯಾಕೆ ಸ್ವಾಮಿ? 1937ರ ವಾರ್ಧಾ ಸಮ್ಮೇಳನದ ಮೂಲ ಶಿಕ್ಷಣದಲ್ಲಿ, ಅಂದರೆ ಗಾಂಧೀಜಿಯವರ ಕೈಕೆಲಸದ ಶಿಕ್ಷಣದಲ್ಲಿ, ಮಕ್ಕಳ ಕೈಗೆ ನೂಲು ತೆಗೆಯುವ ತಕಲಿ ಬಂದದ್ದೇ ಹತ್ತಿ ಕೈಗೆಟಕುತ್ತಿತ್ತು ಎಂಬುದಕ್ಕೆ. ನಮ್ಮಲ್ಲಿ ಹತ್ತಿ ದಾರದಲ್ಲೇ ಕಲಿಸಬಾರದೇ? ಇಲ್ಲವೇ ನಮ್ಮದೇ ಕುರಿಯ ಉಣ್ಣೆ?

ಉಲ್ಲನ್_ಉಂಡೆ

ತಕಲಿಯ ಮಾತು ಬೇರೆ, ಅಲ್ಲಿ ಹತ್ತಿಯ ಎಳೆ ತೆಗೆಯುವುದೇ ಕೆಲಸ. ಹೆಣಿಗೆಗೆ ಬೇಕಾದದ್ದು ದಾರ ಹಿಗ್ಗುವುದು. ಮಗು ಬಿಗಿಯಾಗಿ ಹೆಣೆದರೂ ಉಣ್ಣೆ, ಅಕ್ರಿಲಿಕ್ ಒಂದಿಷ್ಟು ಹಿಗ್ಗಿ ಕಡ್ಡಿಗೆ ದಾರಿ ಕೊಡುತ್ತವೆ. ಹತ್ತಿ ಕೊಡುವುದಿಲ್ಲ, ಮೂರನೇ ಸಾಲಿಗೇ ಕೈ ನೋವು. ಕೈ ಸಡಿಲವಾದ ಮೇಲೆ, ಎರಡನೇ ವಸ್ತುವಿಗೆ ಹತ್ತಿ ಕೊಡಿ, ಸ್ಲೇಟ್ ಒರೆಸುವ ಚೌಕಕ್ಕೆ ಅದೇ ಒಳ್ಳೆಯದು, ನೀರು ಹೀರುತ್ತದೆ.

ಚಳ್ಳಕೆರೆ ಕಡೆಯ ಕಂಬಳಿಗೆ ಹೋಗುವ ದಖನಿ ಕುರಿಯ ಉಣ್ಣೆ ನೇಯ್ಗೆಗೆ ಗಟ್ಟಿ. ಆದರೆ ಒರಟು, ಮಕ್ಕಳ ಬೆರಳಿಗೆ ಚುಚ್ಚುತ್ತದೆ, ಕೈನೂಲಾದರೆ ದಪ್ಪವೂ ಒಂದೇ ಸಮ ಇರುವುದಿಲ್ಲ. ಒಂದು ತುಂಡು ತಂದು ಮುಟ್ಟಿಸಿ ತೋರಿಸಿ, ಹೆಣೆಯಲು ಬೇಡ.

ಹಾಂ, ಇನ್ನೊಂದು. ಅಕ್ರಿಲಿಕ್‌ನಲ್ಲಿ ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಮಾತ್ರ ಮಾಡಿಸಬೇಡಿ. ಚೌಕ ಎಂದ ಕೂಡಲೇ ಎಲ್ಲರಿಗೂ ಅದೇ ಹೊಳೆಯುತ್ತದೆ. ಅಕ್ರಿಲಿಕ್ ಬಿಸಿಗೆ ಕರಗಿ ಕೈಗೆ ಅಂಟುತ್ತದೆ.

ಮೂರನೇ_ಕ್ಲಾಸ್_ಮಿಸ್

ತುಂಬಾ ಉಪಕಾರ. ಕಡ್ಡಿ, ದಾರ ತಿಳಿಯಿತು. ಈಗ ನಿಜವಾದ ಭಯ: 36 ಮಕ್ಕಳಿಗೆ ಒಟ್ಟಿಗೆ ಶುರುವಿನ ಕುಣಿಕೆ ಹಾಕಲು ಹೇಗೆ ಹೇಳಿಕೊಡುವುದು?

ಧಾರವಾಡ_ಹೆಣಿಗಿ

ಹೇಳಿಕೊಡಬ್ಯಾಡ್ರೀ ಮೇಡಂ! ಅದ ತಪ್ಪು ಆಗೂದು. ಕುಣಿಕಿ ಹಾಕೂದು ಹೆಣಿಗಿಗಿಂತ ಕಠಿಣ ಕೆಲಸ, ಅದನ್ನ ಮೊದಲ ದಿನ ಇಟ್ರ ಅರ್ಧ ಮಕ್ಕಳು ಅಲ್ಲೇ ಕೈಬಿಡ್ತಾವ. 36 ಕಡ್ಡಿಗೂ ನೀವ 16 ಕುಣಿಕಿ ಹಾಕಿ, ಮ್ಯಾಲ ಎರಡು ಸಾಲು ಹೆಣದ ಇಟ್ಕೋರಿ. ಎರಡು ಸಾಲು ಯಾಕಂದ್ರ, ಹಾಕಿದ ಕುಣಿಕಿ ಮ್ಯಾಲಿನ ಮೊದಲ ಸಾಲು ದೊಡ್ಡವರಿಗೂ ತ್ರಾಸ. ಒಂದೋ ಬಿಗಿ, ಇಲ್ಲಾಂದ್ರ ನಡುವಿನ ದಾರ ಉದ್ದ ಆಗಿ ಜೋತು ಬೀಳ್ತದ. ಹೆಣದ ಬಟ್ಟಿ ಒಂದು ಸೆಂಟಿಮೀಟರ್ ಇತ್ತಂದ್ರ ಮಗೂಗ ಹಿಡಕೊಳ್ಳಾಕ ಒಂದು ಆಧಾರ ಇರ್ತದ.

ಕುಣಿಕಿ ಹಾಕೂದನ್ನ ಎರಡನೇ ವಸ್ತುವಿಗೆ ಕಲಸ್ರಿ. ಆಗ ಹೆಣದ ಹೆಣದ ಕುಣಿಕಿ ಏರಿಸೂ ಪದ್ಧತಿ ತೋರಸ್ರಿ: ಕುಣಿಕಿಯೊಳಗ ಕಡ್ಡಿ ಹಾಕಿ ಹೊಸಾದು ತೆಗದು, ಬಿಡೂ ಬದಲಿ ಎಡಗಡ್ಡಿಗೆ ಏರಿಸೂದು. ಕೈಗೆ ಗೊತ್ತಿದ್ದ ಚಲನೀನ ಅದು, ಹೊಸಾದೇನಿಲ್ಲ.

ಇನ್ನೊಂದು ಮಾತ್ರಿ, ಬಾಲದ ದಾರ. ಉಳಿದ ಬಾಲ ಉದ್ದ ಬಿಟ್ರ ಅರ್ಧ ಕ್ಲಾಸು ಉಂಡಿ ಬಿಟ್ಟು ಬಾಲದಿಂದನ ಹೆಣಿತದ. 15 ಸೆಂಟಿಮೀಟರಿಗೆ ಕತ್ತರಿಸಿ, ಗಂಟ ಹಾಕಿಬಿಡ್ರಿ.

ಮಲೆನಾಡ_ಕಡ್ಡಿ

ಧಾರವಾಡದವರು ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಹೆಣೆಯುವ ನಾಲ್ಕು ಹೆಜ್ಜೆಗೆ ಒಂದು ಪದ ಕಟ್ಟಿಕೊಳ್ಳಿ, ಎಲ್ಲರೂ ಒಟ್ಟಿಗೆ ಹೇಳಲಿ:

ಬಾವಿಗಿಳಿ,
ಹಗ್ಗ ಸುತ್ತು,
ನೀರ ಸೇದು,
ಕೊಡ ಇಳಿಸು.

ಬಾವಿಗಿಳಿ: ಬಲಗಡ್ಡಿ ಎಡಗಡ್ಡಿಯ ಮೊದಲ ಕುಣಿಕೆಯೊಳಗೆ ಎಡದಿಂದ ಬಲಕ್ಕೆ ಹೋಗಿ ಹಿಂದೆ ಇಣುಕಬೇಕು. ಹಗ್ಗ ಸುತ್ತು: ದಾರ ಬಲಗಡ್ಡಿಯ ಹಿಂದಿನಿಂದ ಎಡಕ್ಕೆ ಬಂದು ಎರಡು ಕಡ್ಡಿಗಳ ನಡುವೆ ಬಲಕ್ಕೆ ಇಳಿಯಬೇಕು. ನೀರ ಸೇದು: ಬಲಗಡ್ಡಿಯನ್ನು ಮೆಲ್ಲಗೆ ಹಿಂದಕ್ಕೆ ಜಾರಿಸಿ, ತುದಿ ಕುಣಿಕೆಯ ಅಂಚಿಗೆ ಬಂದಾಗ ಸುತ್ತಿದ ದಾರದೊಂದಿಗೆ ಮುಂದಕ್ಕೆ ತರಬೇಕು. ಕೊಡ ಇಳಿಸು: ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಜಾರಿಸಬೇಕು.

ಎಲ್ಲರೂ ಸಿಕ್ಕಿಬೀಳುವುದು ಮೂರನೆಯದರಲ್ಲಿ. ಸೇದುವಾಗ ಸುತ್ತಿದ ದಾರ ಜಾರಿಹೋಗುತ್ತದೆ. ದಾರವನ್ನು ಬಲಗೈಯಲ್ಲಿ ಕಡ್ಡಿಗೆ ತಾಗಿಸಿ ತುಸು ಬಿಗಿ ಹಿಡಿದು, ಎಡ ತೋರುಬೆರಳನ್ನು ಬಲಗಡ್ಡಿಯ ತುದಿಗೆ ಒತ್ತಿ ಜೊತೆಯಲ್ಲೇ ಕೆಳಕ್ಕೆ ತಳ್ಳಲು ಹೇಳಿ.

ಹತ್ತಿ_ಪರ

ಬೆಂಗಳೂರಿನ ಮಕ್ಕಳು ಬಾವಿ ನೋಡಿದ್ದರೆ ತಾನೇ! ಸುಮ್ಮನೆ "ಹೋಗು, ಸುತ್ತು, ಎಳೆ, ಬಿಡು" ಸಾಕು, ನಾಲ್ಕು ತಾಳ.

ಮಲೆನಾಡ_ಕಡ್ಡಿ

ಅದೂ ಆಗುತ್ತದೆ. ಆದರೆ "ಎಳೆ" ಎನ್ನಬೇಡಿ, ಎಂಟು ವರ್ಷದವರು ಅದನ್ನು ದಾರ ಜಗ್ಗಿ ಬಿಗಿ ಮಾಡು ಎಂದೇ ತಿಳಿಯುತ್ತಾರೆ. "ತೆಗೆ" ಅನ್ನಿ.

ಎಡಗೈ_ಅಪ್ಪ

ಎಡಗೈ ಮಕ್ಕಳ ಸಂಗತಿ ಯಾರೂ ಎತ್ತಲಿಲ್ಲ. 36ರಲ್ಲಿ ಮೂರ್ನಾಲ್ಕು ಮಂದಿ ಇದ್ದೇ ಇರುತ್ತಾರೆ. ಅವರನ್ನು ನಿಮ್ಮ ಎದುರಿಗೆ ಕೂರಿಸಿ, ಕನ್ನಡಿಯಲ್ಲಿ ನೋಡಿದಂತೆ ಮಾಡಿಸಿ. ಬಲಗೈಯವರನ್ನು ಪಕ್ಕದಲ್ಲಿ ಕೂರಿಸಿ.

ಉಲ್ಲನ್_ಉಂಡೆ

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಬರವಣಿಗೆಯಂತೆ ಹೆಣಿಗೆ ಒಂದು ಕೈಯ ಕೆಲಸವಲ್ಲ, ಎರಡೂ ಕೈ ದುಡಿಯುತ್ತವೆ. ಎಡಗೈ ಮಕ್ಕಳಿಗೂ ಮೊದಲು ಎಲ್ಲರಂತೆಯೇ ಕಲಿಸಿ, ದಾರವನ್ನು ಎಡ ತೋರುಬೆರಳಿನ ಮೇಲೆ ಹಾಯಿಸಿಕೊಳ್ಳಲು ಬಿಡಿ. ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ಕನ್ನಡಿ ಪದ್ಧತಿಯಲ್ಲಿ ಕಲಿತವರು ಮುಂದೆ ಮುದ್ರಿತ ಮಾದರಿ ಹಿಡಿದಾಗ ಎಲ್ಲವನ್ನೂ ತಿರುಗಿಸಿ ಓದಬೇಕು, ಕುಣಿಕೆ ಕಡಿಮೆ ಮಾಡುವಾಗ ಓರೆ ಉಲ್ಟಾ ಬೀಳುತ್ತದೆ.

ಎಡಗೈ_ಅಪ್ಪ

ಮಾದರಿ ಓದುವುದು ಐದು ವರ್ಷದ ನಂತರದ ಮಾತು. ಎರಡು ಪೀರಿಯಡ್ ಎಲ್ಲರಂತೆ ನೋಡಲಿ, ಆಗದಿದ್ದರೆ ಕನ್ನಡಿ. ಅಷ್ಟಕ್ಕೆ ಒಪ್ಪುತ್ತೇನೆ. ಅದಕ್ಕೂ ಮೀರಿ ಹಠ ಹಿಡಿಯಬಾರದು.

ಧಾರವಾಡ_ಹೆಣಿಗಿ

ಈಗ ತಪ್ಪುಗಳ ಕಡೆ ಬರ್ರಿ, ಖರೇ ಕೆಲಸ ಇರೂದು ಅಲ್ಲೇ. ಮೂರನೇ ಪೀರಿಯಡ್‌ದಾಗ "ಮಿಸ್, ಮಿಸ್" ಅಂತ ಹತ್ತು ಮಂದಿ ಸುತ್ತ ನಿಲ್ತಾರ. ಹತ್ತೂ ಒಂದ ನಾಕೈದು ತಪ್ಪಿನೊಳಗ ಬರ್ತಾವ.

ಕುಣಿಕಿ ಹೆಚ್ಚಾಗೂದು. 16 ಇದ್ದದ್ದು 17, 19, 22. ಬಹಳ ಸಲ ಸಾಲಿನ ಮೊದಲ ಕುಣಿಕ್ಯಾಗ ಆಗ್ತದ. ದಾರ ಕಡ್ಡಿ ಮ್ಯಾಲಿಂದ ಹಿಂದ ಹೋಗಿದ್ರ ಮೊದಲ ಕುಣಿಕಿ ಮ್ಯಾಲಕ್ಕ ಜಗ್ಗಿ ಅದರ ಎರಡು ಕಾಲು ಎರಡು ಕುಣಿಕಿ ಹಂಗ ಕಾಣ್ತಾವ, ಮಗು ಎರಡನ್ನೂ ಹೆಣಿತದ. ಪರಿಹಾರ: ಸಾಲು ತಿರುಗಿಸಿದ ಕೂಡಲೇ ದಾರ ಕೆಳಗ ಜಗ್ಗಿ, ಕಡ್ಡಿ ಕೆಳಗಿಂದ ಹಿಂದಕ್ಕ ಒಯ್ಯೂದು. ನಡುವ ಹೆಚ್ಚಾಗಿದ್ರ ದಾರ ಮುಂದ ಬಂದು ಕಡ್ಡಿ ಮ್ಯಾಲ ಹಾದದ, ಅಲ್ಲೊಂದು ತೂತು ಕಾಣ್ತದ. ತೂತಿಲ್ಲದ ಹೆಚ್ಚಾಗಿದ್ರ ದಾರ ಸೀಳಿ ಹೆಣದಾರ.

ಕುಣಿಕಿ ಕಡಿಮಿ ಆಗೂದು. ಒಂದೋ ಎರಡು ಕೂಡಿಸಿ ಹೆಣದಾರ, ಇಲ್ಲಾ ಬಿದ್ದದ. ಬಿದ್ದದ್ದಕ್ಕ ಮೊದಲ ಒಂದು ಸೇಫ್ಟಿ ಪಿನ್ ಹಾಕ್ರಿ, ಅದು ಇನ್ನೂ ಕೆಳಗ ಓಡಬಾರದು. ಆಮ್ಯಾಲ 4 ಮಿ.ಮೀ. ಕ್ರೋಶಾ ಕಡ್ಡಿಯಿಂದ ಒಂದೊಂದ ಮೆಟ್ಟಿಲು ಏರಿಸ್ರಿ, ಬಿಚ್ಚಿದ ಸಾಲಿನ ಅಡ್ಡ ದಾರನ ಮೆಟ್ಟಿಲು. ಸೀದಾ ಹೆಣಿಗ್ಯಾಗ ಒಂದು ಮೆಟ್ಟಿಲು ಮುಂದಿನಿಂದ, ಮುಂದಿಂದು ಹಿಂದಿನಿಂದ ತೆಗೀಬೇಕು, ಇಲ್ಲಾಂದ್ರ ಏಣು ತಪ್ಪಿ ಅಲ್ಲೊಂದು ನುಣುಪು ಪಟ್ಟಿ ಕಾಣ್ತದ.

ಬಿಗಿ. ಮಗು ಕಡ್ಡಿ ಕೆತ್ತಿದ ಮೊನಿ ಮ್ಯಾಲನ ಹೆಣಿತಿರ್ತದ. ಮೊನಿ ಸಣ್ಣದು, ಕುಣಿಕಿನೂ ಸಣ್ಣದು, ಮುಂದಿನ ಸಾಲಿಗೆ ದಪ್ಪ ಭಾಗಕ್ಕ ಸರಿಯೂದಿಲ್ಲ. "ದಾರ ಸಡಿಲ ಹಿಡಿ" ಅಂದ್ರ ಉಪಯೋಗಿಲ್ಲ. ಹೊಸ ಕುಣಿಕಿ ತೆಗದ ಕೂಡಲೇ ಬಲಗಡ್ಡಿ ದಪ್ಪ ಭಾಗದ ತನಕ ಒಳಗ ಒತ್ತು ಅನ್ರಿ.

ನಡು ಸಾಲಿನ್ಯಾಗ ತಿರುಗೂದು. ಬೆಲ್ ಹೊಡೀತು, ಅರ್ಧ ಸಾಲಿಗೆ ಇಟ್ರು, ಮುಂದಿನ ಸಲ ಯಾವ ಕಡ್ಡಿ ಯಾವ ಕೈಗೆ ಗೊತ್ತಾಗಲಿಲ್ಲ, ಉಲ್ಟಾ ಹೊಂಟ್ರು. ಬಟ್ಟಿ ಒಂದು ಕಡೆ ಎತ್ತರ, ನಡುವ ತೂತು. ಗುರುತು ಸರಳ ಅದ: ಉಂಡಿಯ ದಾರ ಯಾವ ಕಡ್ಡಿಗೆ ಅಂಟೇದೋ ಅದು ಬಲಗೈಗೆ. ಬೆಲ್ಲಿಗೆ ಐದು ನಿಮಿಷ ಮೊದಲ "ಸಾಲು ಮುಗಸ್ರಿ" ಅಂತ ಹೇಳೂದು ಇನ್ನೂ ಛಲೋ.

ಲೆಕ್ಕದ_ಮೇಷ್ಟ್ರು

ಇದಕ್ಕೆ ಸೇರಿಸುವುದು: ಪ್ರತಿ ಸಾಲಿನ ಕೊನೆಗೆ ಮಗುವೇ ಕುಣಿಕೆ ಎಣಿಸಲಿ. 16 ಬರದಿದ್ದರೆ ಮುಂದಿನ ಸಾಲು ಶುರುಮಾಡಬಾರದು, ಇದೊಂದೇ ನಿಯಮ. ಪ್ರತಿ ಐದು ಏಣಿಗೆ ಬೇರೆ ಬಣ್ಣದ ದಾರದ ತುಂಡು ಕಟ್ಟಿಸಿ, ಐದರ ಮಗ್ಗಿಯೂ ಆಯಿತು, ಎಣಿಸಿ ಎಣಿಸಿ ತಪ್ಪುವುದೂ ನಿಂತಿತು.

ಎರಡು ಕಡ್ಡಿಗೆ ಎರಡು ಬಣ್ಣದ ಮಣಿ ಅಂಟಿಸಿದರೆ "ಕೆಂಪು ಎಡಗೈ" ಎಂದು ಹೇಳಬೇಡಿ, ಸಾಲು ಮುಗಿದಾಗಲೆಲ್ಲ ಕಡ್ಡಿ ಕೈ ಬದಲಾಯಿಸುತ್ತದೆ. ಆ ಬಣ್ಣದ ಉಪಯೋಗ ಬೇರೆ. ಕೆಂಪು ಕಡ್ಡಿ ಖಾಲಿಯಾದಾಗಲೆಲ್ಲ ಒಂದು ಏಣು ಮುಗಿದಿದೆ ಎಂದರ್ಥ.

ಮೂರನೇ_ಕ್ಲಾಸ್_ಮಿಸ್

ಒಬ್ಬಳೇ 36 ಮಂದಿಗೆ ಕೈ ಹಿಡಿದು ಹೇಗೆ ಕಲಿಸಲಿ? ಮತ್ತೆ ಈ ವಯಸ್ಸಿಗೆ ಹೆಣಿಗೆ ಬೇಗವಾಯಿತು ಎಂದು ಸ್ಟಾಫ್ ರೂಮಿನಲ್ಲಿ ಮಾತು.

ಮಲೆನಾಡ_ಕಡ್ಡಿ

ಬೇಗವೇನಲ್ಲ. 1919ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಶುರುವಾದ ವಾಲ್ಡಾರ್ಫ್ ಪದ್ಧತಿಯ ಶಾಲೆಗಳಲ್ಲಿ ಒಂದನೇ ತರಗತಿಯಲ್ಲೇ, ಆರೇಳು ವರ್ಷಕ್ಕೆ, ಎರಡು ಕಡ್ಡಿಯ ಹೆಣಿಗೆ ಕಲಿಸುತ್ತಾರೆ. ಐದನೆಯಲ್ಲಿ ನಾಲ್ಕೈದು ಕಡ್ಡಿಯ ಕಾಲುಚೀಲ. ಫಿನ್ಲೆಂಡಿನಲ್ಲಿ 1866ರಿಂದಲೇ ಕೈಕೆಲಸ ಶಾಲೆಯ ಕಡ್ಡಾಯ ವಿಷಯ. ಗಂಡುಮಕ್ಕಳಿಗೆ ಯಾಕೆ ಎಂದು ಯಾರಾದರೂ ಕೇಳಿದರೆ ಕಂಬಳಿ ನೇಯುವವರು, ದರ್ಜಿಗಳು ಯಾರು ಎಂದು ಕೇಳಿ ನೋಡಿ.

36ನ್ನು ಆರರ ಆರು ಗುಂಪು ಮಾಡಿ. ಒಂದು ಪೀರಿಯಡ್‌ಗೆ ಎರಡು ಗುಂಪಿಗೆ ಮಾತ್ರ ಕಡ್ಡಿ, ಒಂದೊಂದಕ್ಕೆ 15 ನಿಮಿಷ. ಉಳಿದವರು ಬೆರಳ ಹೆಣಿಗೆ ಮುಂದುವರಿಸಲಿ. ಮೂರು ಪೀರಿಯಡ್‌ಗೆ ಎಲ್ಲರ ಕೈಗೂ ಒಮ್ಮೆ ಕಡ್ಡಿ ಬಂದಿರುತ್ತದೆ. ಕಲಿತ ಇಬ್ಬರನ್ನು ಮುಂದಿನ ಗುಂಪಿಗೆ ಸಹಾಯಕ್ಕೆ ಬಿಡಿ. ಷರತ್ತು ಒಂದೇ: ಬಾಯಲ್ಲಿ ಹೇಳಿಕೊಡಬಹುದು, ಇನ್ನೊಬ್ಬರ ಹೆಣಿಗೆಯನ್ನು ತಾವು ಹೆಣೆದುಕೊಡಬಾರದು.

ಕಡ್ಡಿ ಕೈಯಲ್ಲಿದ್ದಾಗ ಎದ್ದು ಓಡಾಡುವಂತಿಲ್ಲ, ಸಹಾಯ ಬೇಕಾದರೆ ಕೈ ಎತ್ತಲಿ, ನೀವೇ ಹೋಗಿ. ಹೆಸರು ಬರೆದ ಬಟ್ಟೆಚೀಲ ಒಬ್ಬೊಬ್ಬರಿಗೆ. ಇಡುವಾಗ ಎರಡೂ ಮೊನೆ ಸೇರಿಸಿ ರಬ್ಬರ್ ಬ್ಯಾಂಡ್ ಸುತ್ತಿದರೆ ಕುಣಿಕೆ ಜಾರುವುದಿಲ್ಲ. ಕೊನೆಯಲ್ಲಿ ಚೀಲ ಎಣಿಸಬೇಡಿ, ಕಡ್ಡಿ ಎಣಿಸಿ.

ಮೂರನೇ_ಕ್ಲಾಸ್_ಮಿಸ್

ಮನೆಗೆ ಕಳಿಸಬಹುದೇ? ಬೇಗ ಮುಗಿಯುತ್ತದಲ್ಲ.

ಧಾರವಾಡ_ಹೆಣಿಗಿ

ಮೊದಲ ಆರು ವಾರ ಬ್ಯಾಡ್ರೀ. ಸೋಮವಾರ ನೋಡಿದ್ರ ಎಂಟು ಸಾಲು ಅಗದೀ ಚೆಂದ ಬಂದಿರ್ತಾವ, ಅವು ಅಜ್ಜೀವು! ಮಗೂನ ಕೈ ಎಲ್ಲಿತ್ತೋ ಅಲ್ಲೇ ಇರ್ತದ. ಶುರುವಿಗೆ ಒಂದು ಪೀರಿಯಡ್‌ಗೆ ಒಂದು ಸಾಲು ಆದ್ರ ಭಾಳ ಆತು, ಎರಡು ತಿಂಗಳಾದ ಮ್ಯಾಲ ಪೀರಿಯಡ್‌ಗೆ ನಾಕೈದು ಆಗ್ತಾವ. ಹಿಂದುಳಿದವರು 16 ಏಣಿಗೆ ನಿಲ್ಲಸಲಿ, ಚೌಕ ಮಡಚಿ ಎರಡು ಬದಿ ಹೊಲದ್ರ ರಬ್ಬರ್, ಶಾರ್ಪ್‌ನರ್ ಇಡೂ ಸಣ್ಣ ಚೀಲ ಆಗ್ತದ. ಅದೂ ಪೂರ್ಣ ವಸ್ತುನ, ಚೆಂಡಿಗಿಂತ ಕಮ್ಮಿ ಅಲ್ಲ.

ಲೆಕ್ಕದ_ಮೇಷ್ಟ್ರು

ಮುಗಿಸುವ ಸಾಲಿಗೆ: ಎರಡು ಕುಣಿಕೆ ಹೆಣೆದು, ಮೊದಲನೆಯದನ್ನು ಎರಡನೆಯದರ ಮೇಲೆ ಎತ್ತಿ ದಾಟಿಸುವುದು, ಮತ್ತೊಂದು ಹೆಣೆಯುವುದು, ಮತ್ತೆ ದಾಟಿಸುವುದು. ಬೆರಳಿನಲ್ಲಿ ಮಾಡಿದ್ದೇ ಚಲನೆ, ನೆನಪಿಸಿ. ಇಲ್ಲಿ ಎಲ್ಲರೂ ಬಿಗಿ ಮಾಡುತ್ತಾರೆ, ಅಂಚು ಸುರುಟಿ ಒಳಕ್ಕೆ ಹೋಗುತ್ತದೆ. ಈ ಸಾಲಿಗೆ ಮಾತ್ರ ಬಲಗೈಗೆ 6.5ರ ದಪ್ಪ ಕಡ್ಡಿ ಕೊಡಿ. ಅಂಥವು ನಾಲ್ಕಿದ್ದರೆ ಇಡೀ ತರಗತಿಗೆ ಸಾಕು, ಎಲ್ಲರೂ ಒಂದೇ ದಿನ ಮುಗಿಸುವುದಿಲ್ಲ. ಕೊನೆಗೆ 60 ಸೆಂ.ಮೀ. ದಾರ ಬಿಟ್ಟು ಕತ್ತರಿಸಿ. ಮೊಂಡು ಮೊನೆಯ, ಅಗಲ ಕಣ್ಣಿನ ಗೋಣಿ ಸೂಜಿಯಲ್ಲಿ ಚೆಂಡು ಹೊಲಿಯಲು ಅಷ್ಟು ಬೇಕು.

ಮೂರನೇ_ಕ್ಲಾಸ್_ಮಿಸ್

ಒಳಗೆ ತುಂಬಲು ಬೂರುಗದ ಹತ್ತಿ ಆಗುತ್ತದೆಯೇ? ಶಾಲೆ ಹಿಂದೆ ಮರವಿದೆ.

ಉಲ್ಲನ್_ಉಂಡೆ

ನೇರವಾಗಿ ತುಂಬಿದರೆ ಕುಣಿಕೆಯ ಸಂದಿಯಿಂದ ಹೊರಬಂದು ತರಗತಿಯೆಲ್ಲ ಹಾರುತ್ತದೆ, ಕೆಲವು ಮಕ್ಕಳಿಗೆ ಕೆಮ್ಮೂ ಬರುತ್ತದೆ. ಹಳೆಯ ಕಾಲುಚೀಲದ ಮುಂಭಾಗ ಕತ್ತರಿಸಿ, ಅದರಲ್ಲಿ ತುಂಬಿ ಬಾಯಿ ಹೊಲಿದು, ಆ ಉಂಡೆಯನ್ನು ಚೆಂಡಿನೊಳಗೆ ಇಡಿ. ದರ್ಜಿಯ ಅಂಗಡಿಯ ತುಂಡುಬಟ್ಟೆಯಾದರೆ ಬೆರಳುಗಾತ್ರಕ್ಕೆ ಕತ್ತರಿಸಿ ನೇರವಾಗಿಯೇ ತುಂಬಬಹುದು. ಒಂದು ಬಾಯಿಯನ್ನು ಮೊದಲೇ ಎಳೆದು ಮುಚ್ಚಿ, ತುಂಬಿದ ಮೇಲೆ ಇನ್ನೊಂದು. ಎಳೆಯುವ ದಾರ ಎರಡು ಸುತ್ತು ಪೋಣಿಸಿರಲಿ, ಒಂದೇ ಸುತ್ತಾದರೆ ಮಗು ಜಗ್ಗಿದಾಗ ನಡುವೆ ತುಂಡಾಗುತ್ತದೆ.